ಬೆಳಕು ಅಳೆಯುವ ಮಷೀನು

ಐನಾಪುರದ ಧರಣೇಂದ್ರನ ದೊಡ್ಡ ಕ್ಯಾಮೆರಾಕ್ಕೆ ಸಾಯಲು ಬೇರೆ ದಿನವೇ ಸಿಗಲಿಲ್ಲ. ಸದಲಗಾದ ಭಾವುಸಾಹೇಬರ ಮಗಳ ಮದುವೆಯ ದಿನ ಬೆಳಿಗ್ಗೆ, ಸ್ಟುಡಿಯೊದ ಹೊಸ್ತಿಲ ಮೇಲೆ ಗುಂಡಿ ಒತ್ತಿ ನೋಡಿದರೆ 'ಟಕ್' ಅನ್ನಬೇಕಾದದ್ದು 'ಗರ್ರ್' ಅಂದು ಸುಮ್ಮನಾಗಿಬಿಟ್ಟಿತು. ಅವನು ಕುಲುಕಿದ, ಊದಿದ, ಪದ್ಮಾವತಿ ದೇವಿಯ ಫೋಟೊದ ಮುಂದೆ ಹಿಡಿದುಕೊಂಡು ಕಣ್ಣು ಮುಚ್ಚಿ ನಿಂತ. ಊಹೂಂ, ಅದು ಹೋಗಿತ್ತು.

ನಿಜ ಹೇಳಬೇಕೆಂದರೆ ಅವನಿಗೆ ಅಷ್ಟೇನೂ ದುಃಖವಾಗಲಿಲ್ಲ. ಆ ಹೆಣಭಾರದ ಕ್ಯಾಮೆರಾ ಇಷ್ಟು ವರ್ಷ ಜೋತುಬಿದ್ದು ಅವನ ಕುತ್ತಿಗೆಯನ್ನೇ ಎಡಕ್ಕೆ ವಾಲಿಸಿತ್ತು. ಹೋದ ತಿಂಗಳಷ್ಟೇ ಕೊಲ್ಲಾಪುರದಿಂದ ಒಂದು ಸಣ್ಣ ಕ್ಯಾಮೆರಾ ತಂದಿದ್ದ. ಸಾಬೂನು ಡಬ್ಬಿಯಷ್ಟಿತ್ತು, ಅಂಗಿಯ ಕಿಸೆಯಲ್ಲಿ ಹಿಡಿಸುತ್ತಿತ್ತು. ರೀಲನ್ನು ತಾನೇ ಸುತ್ತಿಕೊಳ್ಳುತ್ತಿತ್ತು, ದೂರ ಹತ್ತಿರ ತಾನೇ ನೋಡಿಕೊಳ್ಳುತ್ತಿತ್ತು. ಅದರಲ್ಲಿ ಹೊಸ ರೀಲು ಹಾಕಿ, ಕಿಸೆಗೆ ಇಳಿಸಿ, ಹಗುರಾಗಿ ಸಿಳ್ಳೆ ಹಾಕುತ್ತ ಹೊರಟ.

ಬಾಗಿಲಲ್ಲಿ ತಾಯಿ ಕಮಲಾಬಾಯಿ ಅಡ್ಡ ನಿಂತಳು.

"ದೊಡ್ಡದ ಎಲ್ಲಿ?"

"ಕೆಟ್ಟೈತಿ ಬೇ. ಸಣ್ಣದ್ರಾಗ ಹೊಡಿತೀನಿ."

"ಹುಚ್ಚಗಿಚ್ಚ ಹಿಡದೈತೇನ ನಿನಗ? ಐಗಳಿ ಜಕ್ಕಪ್ಪಣ್ಣ ಇವತ್ತ ಆ ಮದುವಿಗೆ ಬರಾಂವ ಅದಾನ. ಹುಡುಗನ್ನ ಮನ್ಯಾಗ ನೋಡೂದಿಲ್ಲ, ಕೆಲಸಾ ಮಾಡೂಮುಂದ ನೋಡ್ತೀನಿ ಅಂದಾನ. ಮಗಳನ್ನೂ ಕರ್ಕೊಂಡ ಬರ್ತಾನ. ನೀ ಸಾಬಾಣ ಡಬ್ಬಿ ಹಿಡ್ಕೊಂಡ ತಿರಗೂದ ನೋಡಿ ಹೆಣ್ಣ ಕೊಡ್ತಾನೇನ?"

ಧರಣೇಂದ್ರನ ಸಿಳ್ಳೆ ನಿಂತಿತು. ಅವನಿಗೆ ಮೂವತ್ತು ದಾಟಿ ಎಷ್ಟೋ ದಿನವಾಗಿತ್ತು. 'ಫೋಟೊ ಹೊಡ್ಯಾಂವಗ ಹೆಣ್ಣ ಕೊಟ್ಟರ ಗ್ವಾಡಿಗೆ ತೂಗಹಾಕ್ತಾನ' ಎಂದು ಊರೂರಿನವರು ಹಿಂದೆ ಸರಿದಿದ್ದರು. ಜಕ್ಕಪ್ಪನ ಮಗಳು ಸುಗಂಧಾಳನ್ನು ಅವನು ಅಥಣಿಯ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ನೋಡಿದ್ದ. ಅವತ್ತಿನಿಂದ ಯಾರ ಫೋಟೊ ನೋಡಿದರೂ ಅವಳ ಹಾಗೆಯೇ ಕಾಣುತ್ತಿತ್ತು. ಇದೊಂದು ಸಂಬಂಧ ಕೈ ತಪ್ಪಿದರೆ ಮುಗಿಯಿತು, ಬಾಕಿ ಜನ್ಮವೆಲ್ಲ ಪರರ ಮದುವೆಯ ಫೋಟೊ ತೆಗೆಯುವುದೇ ಸೈ.

ಸತ್ತ ಕ್ಯಾಮೆರಾವನ್ನು ಕುತ್ತಿಗೆಗೆ ಹಾಕಿಕೊಂಡ. ಅದರ ಫ್ಲ್ಯಾಶ್ ಮಾತ್ರ ಗಟ್ಟಿಮುಟ್ಟಾಗಿತ್ತು, ಹಿಂದಿನ ಗುಂಡಿ ಒತ್ತಿದರೆ ಕ್ಯಾಮೆರಾದ ಹಂಗಿಲ್ಲದೆ ತಾನೇ ಫಳ್ಳನೆ ಹೊಳೆಯುತ್ತಿತ್ತು. ತೋರಿಸಲಿಕ್ಕೆ ದೊಡ್ಡದು, ತೆಗೆಯಲಿಕ್ಕೆ ಸಣ್ಣದು. ಭಲೇ ಧರಣೇಂದ್ರಾ ಎಂದು ತನ್ನ ಬೆನ್ನನ್ನು ತಾನೇ ಚಪ್ಪರಿಸಿಕೊಂಡು ಬಸ್ಸು ಹತ್ತಿದ.

ಸದಲಗಾದ ಮದುವೆ ಪೆಂಡಾಲಿನಲ್ಲಿ ಮೊದಲ ಫೋಟೊಕ್ಕೆ ಸಣ್ಣದನ್ನು ಕಿಸೆಯಿಂದ ತೆಗೆದನೋ ಇಲ್ಲವೋ, ಹಿಂದಿನಿಂದ ಯಾರೋ ಗಪ್ಪನೆ ಕೈ ಹಿಡಿದರು. ಮದುಮಗಳು ರಾಜಮತಿಯ ಸೋದರಮಾವ ಬಾಹುಬಲಿ. ಯಾರೂ ಹೇಳದೆಯೇ ಎಲ್ಲ ಮದುವೆಯ ಯಜಮಾನಿಕೆಯನ್ನೂ ತಲೆಯ ಮೇಲೆ ಹೊತ್ತುಕೊಳ್ಳುವ ಗಿರಾಕಿ.

"ಏ, ಏನದು? ಪೋರಗೋಳ ಆಟಿಗಿ ಸಾಮಾನಿನ್ಯಾಗ ನಮ್ಮ ರಾಜಮತಿ ಫೋಟೊ ಹೊಡಿತೀಯೇನ? ಬೀಗರ ಮುಂದ ನಮ್ಮ ಮರ್ಯಾದಿ ಏನ ಉಳಿತೈತಿ?"

ಧರಣೇಂದ್ರನ ಬಾಯಿಂದ, ಅವನನ್ನು ಕೇಳದೆಯೇ, ಒಂದು ಸುಳ್ಳು ಜಾರಿ ಬಿತ್ತು.

"ಛೇ ಛೇ, ಇದು ಬೆಳಕ ಅಳಿಯೂ ಮಷೀನ್ರಿ ಮಾಮಾ! ಮೊದಲ ಇದ್ರಲೆ ಬೆಳಕ ಅಳಿಯೂದು, ಆಮ್ಯಾಲ ದೊಡ್ಡದ್ರಲೆ ಹೊಡ್ಯೂದು. ಈಗ ಮುಂಬೈದಾಗ ಎಲ್ಲಾ ಹಿಂಗ ಐತ್ರಿ."

ಬಾಹುಬಲಿಯ ಎದೆ ಉಬ್ಬಿತು. ಹಾಗೇ ಬಿಟ್ಟಿದ್ದರೆ ಚೆನ್ನಾಗಿತ್ತು, ಆದರೆ ಬಿಡುವ ಪೈಕಿ ಅಲ್ಲ ಆಸಾಮಿ. ಹೋಗಿ ಮೈಕು ಕಿತ್ತುಕೊಂಡ.

"ಸಮಸ್ತ ಬಂಧುಗಳಲ್ಲಿ ವಿನಂತಿ! ಫೋಟೊಗ್ರಾಫರ ಕೈಯಾಗಿನ ಸಣ್ಣ ಮಷೀನಿಗೆ ಯಾರೂ ತಲಿ ಕೆಡಿಸ್ಕೋಬ್ಯಾಡ್ರಿ. ಅದು ಬರೇ ಬೆಳಕ ಅಳಿತೈತಿ. ದೊಡ್ಡ ಕ್ಯಾಮೆರಾ ಎತ್ತಿದಾಗ ಅಷ್ಟ ನೆಟ್ಟಗ ನಿಂದರ್ರಿ!"

ಅಲ್ಲಿಂದ ಶುರುವಾಯಿತು ನೋಡಿ ಧರಣೇಂದ್ರನ ಶನಿಕಾಟ.

ಅವನು ಸಣ್ಣದನ್ನು ಎತ್ತಿದ ಕೂಡಲೇ ಇಡೀ ಮದುವೆ ಸಡಿಲಾಗುತ್ತಿತ್ತು. ಮದುಮಗ ಬಾಸಿಂಗದ ಕೆಳಗೆ ಬೆರಳು ತೂರಿಸಿ ಪರಪರ ಕೆರೆದುಕೊಂಡ. ಮದುವೆ ಮಾಡಿಸುವ ಉಪಾಧ್ಯೆಯವರು ಗಂಟಲು ಕಾಣುವ ಹಾಗೆ ಆಕಳಿಸಿದರು. ಬೀಗರಲ್ಲೊಬ್ಬರು ಮೂಗಿನ ಸಿಂಬಳ ತೆಗೆದರೆ, ಇನ್ನೊಬ್ಬರು ಆ ಕಡೆ ತಿರುಗಿ ಧೋತರ ಬಿಚ್ಚಿ ಮತ್ತೆ ಉಟ್ಟರು. ಒಳಗೆ ರೀಲು ಇದನ್ನೆಲ್ಲ ಭಕ್ತಿಯಿಂದ ಹಿಡಿದಿಡುತ್ತಿತ್ತು. ಅದೇ ಸತ್ತ ದೊಡ್ಡದನ್ನು ಎತ್ತಿದರೆ ಸಾಕು, ಎಲ್ಲರೂ ತಲೆ ಎತ್ತಿ, ಎದೆ ಮುಂದೆ ಮಾಡಿ, ಹದವಾಗಿ ನಕ್ಕು, ಆಹಾ, ಎಷ್ಟು ಚೆಂದ ನಿಲ್ಲುತ್ತಿದ್ದರೆಂದರೆ ಧರಣೇಂದ್ರನಿಗೆ ಅಳು ಬರುತ್ತಿತ್ತು. ಫಳ್ ಅಂತ ಬರೀ ಫ್ಲ್ಯಾಶ್ ಹೊಡೆಯುತ್ತಿದ್ದ.

"ಮಸ್ತ್ ಬಂತು!" ಅನ್ನುತ್ತಿದ್ದ ಬಾಹುಬಲಿ.

ಧರಣೇಂದ್ರ ಕ್ರಮ ತಿರುಗಿಸಿ ನೋಡಿದ. ಮೊದಲು ದೊಡ್ಡದು, ತಕ್ಷಣ ಸಣ್ಣದು. ಆದರೆ ಫ್ಲ್ಯಾಶ್ ಹೊಳೆದ ಕ್ಷಣವೇ ಶಾಲೆ ಬಿಟ್ಟ ಹಾಗೆ ಎಲ್ಲರೂ ಚದುರಿ, ಬೆನ್ನುಗಳಷ್ಟೇ ಸಿಕ್ಕವು. ಕೊನೆಗೆ ಮದುಮಗಳ ಅಜ್ಜಿ ತಾರವ್ವನ ಮುಂದೆ ಸಣ್ಣದನ್ನು ಹಿಡಿದು ಬೇಡಿಕೊಂಡ.

"ಆಯೀ, ಬೆಳಕ ಅಳಿಯೂಮುಂದನೂ ಸ್ವಲ್ಪ ನಗ್ರಿ."

"ಬೆಳಕ ಅಳಿಯಾಕ ನಾ ಯಾಕ ನಗಬೇಕೋ ಎಪ್ಪಾ? ಜ್ವಾಳಾ ಅಳಿಯೂಮುಂದ ಯಾರರ ನಗ್ತಾರೇನ?"

"ಹಲ್ಲಿನ ಹೊಳಪೂ ಅಳಿಬೇಕಾಗ್ತೈತ್ರಿ."

"ಹಂಗಂತಿ?" ಎಂದ ತಾರವ್ವ ಹಲ್ಲಿನ ಸೆಟ್ಟನ್ನೇ ಬಾಯಿಂದ ತೆಗೆದು, ಸೆರಗಿನಲ್ಲಿ ಒರೆಸಿ, ಅಂಗೈಯಲ್ಲಿಟ್ಟು ಮುಂದೆ ಚಾಚಿದಳು. "ತಗೋ, ಅಳಿ."

ಸಣ್ಣ ಕ್ಯಾಮೆರಾ ಕಿಚ್ ಅಂದಿತು.

ಅಕ್ಷತೆಯ ಹೊತ್ತಿಗಂತೂ ಬಾಹುಬಲಿ ಅವನ ಕೈಯನ್ನೇ ಕೆಳಗೆ ಒತ್ತಿಬಿಟ್ಟ. "ಮುಹೂರ್ತ ಮೀರಾಕತ್ತೈತಿ, ಬೆಳಕಗಿಳಕ ಬಿಡು, ದೊಡ್ಡದ್ರಲೆ ಹೊಡಿ!" ಧರಣೇಂದ್ರ ದೊಡ್ಡದನ್ನು ಕಣ್ಣಿಗೆ ಹಿಡಿದು, ಮೊಣಕೈಯ ಸಂದಿಯಿಂದ ಸಣ್ಣದನ್ನು ತೂರಿಸಿ ಒತ್ತಿದ. ಮಾಂಗಲ್ಯ ಕಟ್ಟುವ ಆ ಪುಣ್ಯಕಾಲದಲ್ಲಿ ರೀಲಿಗೆ ಬಿದ್ದದ್ದು ಬಾಹುಬಲಿಯ ಹೊಟ್ಟೆ.

ಇಷ್ಟೆಲ್ಲ ನಡೆಯುವಾಗ ಮುಂದಿನ ಸಾಲಿನ ಕುರ್ಚಿಯಲ್ಲಿ, ಶಾಲು ಹೊದ್ದು, ಐಗಳಿಯ ಜಕ್ಕಪ್ಪ ರೆಪ್ಪೆ ಬಡಿಯದೆ ಕೂತಿದ್ದ. ಬೆಲ್ಲದ ವ್ಯಾಪಾರಿ, ಅಳೆದು ತೂಗುವ ಮನುಷ್ಯ. ಊಟಕ್ಕೆ ಮುಂಚೆ ಧರಣೇಂದ್ರ ಧೈರ್ಯ ಮಾಡಿ ಹತ್ತಿರ ಹೋದ.

"ನಿಮ್ದೂ ಒಂದ ಇರಲ್ರಿ ಕಾಕಾ. ಬೆಳಕ ಅಳಿತೀನಿ."

"ಅಳಿ, ಅಳಿ." ಜಕ್ಕಪ್ಪ ಅತ್ತಿತ್ತ ನೋಡಿ, ಅಂಗೈಯಲ್ಲಿ ತಿಕ್ಕುತ್ತಿದ್ದ ಚಿಟಿಕೆ ತಂಬಾಕನ್ನು ಕೆಳದುಟಿಯ ಒಳಗೆ ಇಳಿಸಿದ. ಕಿಚ್. ಆಮೇಲೆ ದೊಡ್ಡದನ್ನು ಎತ್ತಿದಾಗ ಮೊಣಕಾಲ ಮೇಲೆ ಕೈಯಿಟ್ಟು ದೇವರಂತೆ ಕೂತ.

ಪಕ್ಕದಲ್ಲಿ ಸುಗಂಧಾ ನಿಂತಿದ್ದಳು. ಅವನು ಸಣ್ಣದನ್ನು ಎತ್ತಿದ. ಅವಳು ಸೆರಗು ಸರಿಮಾಡಿ, ತಲೆಯನ್ನು ತುಸು ಓರೆಯಾಗಿಸಿ, ಕಣ್ಣಿನಲ್ಲೇ ನಕ್ಕಳು.

"ಹಿಂಗ ನಿಂತರ ಬೆಳಕ ಬರೋಬ್ಬರಿ ಬರ್ತೈತೇನ್ರಿ?"

"ಭಾ... ಭಾಳ ಬೆಳಕೈತ್ರಿ," ಅಂದ ಧರಣೇಂದ್ರ. ಇಡೀ ರೀಲಿನಲ್ಲಿ ಮನುಷ್ಯರ ಮುಖ ಅಂತ ಇದ್ದರೆ ಅದೊಂದೇ. ಅವನಿಗೆ ಕುತ್ತಿಗೆಯ ನೋವೂ ಮರೆತುಹೋಯಿತು. ಬೂಂದಿಯನ್ನು ಮೂರು ಸಲ ಹಾಕಿಸಿಕೊಂಡು ತಿಂದ.

ಊಟವಾದ ಮೇಲೆ ಜಕ್ಕಪ್ಪ ಕಣ್ಸನ್ನೆ ಮಾಡಿ ಅವನನ್ನು ಪೆಂಡಾಲಿನ ಹಿಂದೆ, ಬಂಡಿ ನಿಲ್ಲಿಸಿದ್ದ ಕಡೆಗೆ ಕರೆದೊಯ್ದ.

"ಹುಡುಗ ಛಲೋ ಅದಿ," ಅಂದ ಜಕ್ಕಪ್ಪ. "ಮೈಗಳ್ಳ ಅಲ್ಲ. ನಮ್ಮ ಸುಗಂಧಾಗೂ ಮನಸ ಬಂದಂಗ ಕಾಣತೈತಿ. ಆದ್ರ ಒಂದ ಮಾತ ಬರೋಬ್ಬರಿ ಅನಸವಲ್ದು."

"ಏನ್ರಿ ಕಾಕಾ?"

"ಮುಂಜಾನಿಂದ ನೋಡಾಕತ್ತೀನಿ, ಪ್ರತಿ ಫೋಟೊಕ್ಕೂ ಬೆಳಕ ಅಳಿತಿ. ಇಷ್ಟ ವರ್ಷ ಕಸಬ ಮಾಡಿ ಇನ್ನೂ ಬಿಸಲ ಯಾವದು, ನೆರಳ ಯಾವದು ನಿನಗ ಕಣ್ಣಿಲೆ ತಿಳಿವಲ್ದೇನ? ರಾಯಬಾಗದ ಫೋಟೊ ಹೊಡ್ಯೂ ಮಲಕಾರಿ ಮುಗಲ ನೋಡಿ ಟಕ್ ಅಂತ ಹೊಡಿತಾನ. ನಾ ಬೆಲ್ಲದ ಪೆಂಟಿ ಮೂಸಿ ನೋಡಿ ರೇಟ್ ಹೇಳ್ತೀನಿ. ಕಸಬ ಬರದಾಂವಗ ಹೆಣ್ಣ ಕೊಡೂದ ಹೆಂಗ?"

ಅಯ್ಯೋ ದೇವರೇ! ಯಾವ ಹುಡುಗಿಗಾಗಿ ಇಷ್ಟೆಲ್ಲ ಸುಳ್ಳು ಹೇಳಿದ್ದನೋ ಆ ಹುಡುಗಿಯೇ ಆ ಸುಳ್ಳಿನಿಂದ ಕೈ ಬಿಟ್ಟು ಹೋಗುತ್ತಿದ್ದಳು. ಧರಣೇಂದ್ರ ಜಕ್ಕಪ್ಪನ ಕೈ ಹಿಡಿದುಕೊಂಡ.

"ಕಾಕಾ, ನಿಮ್ಮ ಮುಂದ ಖರೇ ಹೇಳ್ತೀನಿ. ಈ ದೊಡ್ಡದು ಮುಂಜಾನೆನ ಸತ್ತೈತಿ. ಇದ್ರಾಗ ಒಂದೂ ಫೋಟೊ ಬಂದಿಲ್ಲ. ಸಣ್ಣದ ಖರೇ ಕ್ಯಾಮೆರಾ. ಬೆಳಕ ಅಳಿಯೂದು ಸುಳ್ಳರಿ."

ಜಕ್ಕಪ್ಪ ಹೊಟ್ಟೆ ಕುಣಿಯುವ ಹಾಗೆ ನಕ್ಕ. "ಎಲ ಎಲಾ! ಅಂದ್ರ ಆ ಬೀಗ ಧೋತರ ಬಿಚ್ಚಿದ್ದು..."

"ಬಂದೈತ್ರಿ."

"ತಾರವ್ವನ ಹಲ್ಲು?"

"ಅದೂ ಬಂದೈತ್ರಿ."

ಜಕ್ಕಪ್ಪನ ನಗು ಅರ್ಧಕ್ಕೇ ನಿಂತಿತು. "ನನ್ನ ಬೆಳಕ ಅಳದಿ ನೋಡು. ಅವಾಗ ನನ್ನ ಕೈ ಎಲ್ಲಿತ್ತು?"

"ಬಾಯಾಗಿತ್ರಿ."

ಜಕ್ಕಪ್ಪ ಬಂಡಿಯ ನೊಗದ ಮೇಲೆ ಕುಸಿದು ಕೂತ. "ಸತ್ನೆಪಾ! ಹೋದ ಚಾತುರ್ಮಾಸದಾಗ ಮುನಿ ಮಹಾರಾಜರ ಮುಂದ, ಜೀವ ಇರೂತನಕ ತಂಬಾಕ ಮುಟ್ಟೂದಿಲ್ಲಂತ ನೇಮಾ ತಗೊಂಡೀನಿ. ಅದಕ್ಕಂತ ಈ ಭಾವುಸಾಹೇಬನೇ ಬಸದ್ಯಾಗ ನನಗ ಶಾಲ ಹೊಚ್ಯಾನ. ಇದ ಶಾಲು! ಇದನ್ನ ಹೊತ್ಕೊಂಡ ತಂಬಾಕ ಹಾಕ್ಕೊಳ್ಳೂ ಫೋಟೊ ಅವನ ಆಲ್ಬಮ್ಮಿನ್ಯಾಗ!"

"ಅದೊಂದ ನಾ ಹರದ ಒಗಿತೀನ್ರಿ."

"ರೀಲ ತೊಳಿಯಾಕ ಎಲ್ಲಿ ಕೊಡ್ತಿ?"

"ಕೊಲ್ಲಾಪುರದಾಗ್ರಿ."

"ಅಲ್ಲಿ ತೊಳಿಯಾಂವನೂ ನಮ್ಮ ಸಮಾಜದಾಂವನ!" ಜಕ್ಕಪ್ಪ ಎದ್ದು ನಿಂತ. "ಆಗೂದಿಲ್ಲ. ಈಗ, ಇಲ್ಲೆ, ನನ್ನ ಕಣ್ಣ ಮುಂದ ರೀಲ ಜಗ್ಗಿ ಬಿಸಲಿಗೆ ಹಿಡಿ."

"ಕಾಕಾ! ಅದ್ರಾಗ ಭಾವುಸಾಹೇಬ್ರ ಮಗಳ ಇಡೀ ಮದುವಿ ಐತ್ರಿ!"

"ಮತ್ತ ನನ್ನ ಮಗಳ ಮದುವಿ ಬ್ಯಾಡೇನ ನಿನಗ?"

ಧರಣೇಂದ್ರ ಪೆಂಡಾಲಿನ ಕಡೆ ನೋಡಿದ. ಸುಗಂಧಾ ಗೆಳತಿಯರ ನಡುವೆ ಏನೋ ಹೇಳಿ ನಗುತ್ತಿದ್ದಳು. ಅವಳ ಮುಖವೂ ಇದೇ ರೀಲಿನಲ್ಲಿತ್ತು. ಆದರೆ ಫೋಟೊ ಹೋದರೆ ಹೋಗಲಿ, ಹುಡುಗಿಯೇ ಮನೆಗೆ ಬಂದರೆ ದಿನಕ್ಕೊಂದು ತೆಗೆಯಬಹುದಲ್ಲ? ಭಾವುಸಾಹೇಬರಿಗೆ ಆಮೇಲೆ ಏನಾದರೂ ಹೇಳಿದರಾಯಿತು. ಕಣ್ಣು ಮುಚ್ಚಿ ಕ್ಯಾಮೆರಾದ ಹಿಂಬದಿ ತೆರೆದ. ಸರ್ರನೆ ಜಗ್ಗಿದ. ಕಂದು ಬಣ್ಣದ ರೀಲು ಶ್ಯಾವಿಗೆಯ ಹಾಗೆ ಕೈಯಿಂದ ಕೆಳಗಿಳಿದು ಮಧ್ಯಾಹ್ನದ ಬಿಸಿಲಿನಲ್ಲಿ ಸುರುಳಿ ಸುತ್ತಿಕೊಂಡಿತು, ಒಳಗಿದ್ದ ಮದುವೆಯೆಲ್ಲ ಅಳಿಸಿಹೋಯಿತು.

ಜಕ್ಕಪ್ಪ ರೀಲನ್ನು ಬಿಸಿಲಿಗೆ ಎತ್ತಿ, ತಿರುವಿ ಮುರುವಿ ನೋಡಿ, ದೊಡ್ಡದೊಂದು ಉಸಿರು ಬಿಟ್ಟ. ಕಿಸೆಯಿಂದ ಡಬ್ಬಿ ತೆಗೆದು ಇನ್ನೊಂದು ಚಿಟಿಕೆ ತಂಬಾಕು ಹಾಕಿಕೊಂಡ.

"ಹಂಗಾದ್ರ ಕಾಕಾ," ಧರಣೇಂದ್ರ ನಾಚುತ್ತ ಕೇಳಿದ, "ನಿಶ್ಚಯದ ಸಾಕ್ರಿಪುಡಾ ಯಾವಾಗ ಇಟ್ಕೊಳ್ಳೂಣ್ರಿ?"

"ಯಾರದು?"

"ನಮ್ದ... ನಂದೂ ಸುಗಂಧಾಂದು."

ಜಕ್ಕಪ್ಪ ಅವನ ಹೆಗಲ ಮೇಲೆ ಕೈಯಿಟ್ಟ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಮರುಕವಿತ್ತು.

"ತಮ್ಮಾ, ನೀನ ಹೇಳು. ಒಬ್ಬಾಂವ ನಿನ್ನ ನಂಬಿ ತನ್ನ ಮಗಳ ಮದುವೀನ ನಿನ್ನ ಕೈಯಾಗ ಕೊಟ್ಟ. ಅದನ್ನ ನೀ ಚಿಟಿಕಿ ಹೊಡ್ಯೂದ್ರಾಗ ಬಿಸಲಿಗೆ ಹಾಕಿದಿ. ಅಂಥಾಂವನ ಕೈಯಾಗ ನಾ ನನ್ನ ಮಗಳನ್ನ ಹೆಂಗ ಕೊಡ್ಲೋ?"

ಶಾಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟೇಹೋದ. ಆ ಮುದುಕ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಧರಣೇಂದ್ರನಿಗೆ ಉರಿದದ್ದು ಅದೇ.

"ಏ ಧರಣೇಂದ್ರಾ! ಇಲ್ಲಿದ್ದೀಯೇನಪಾ?" ಎರಡೂ ಕೈ ಚಾಚಿಕೊಂಡು ಭಾವುಸಾಹೇಬರೇ ಬರುತ್ತಿದ್ದರು, ಹಿಂದೆ ಬಾಹುಬಲಿ. ಧರಣೇಂದ್ರ ಗಡಬಡಿಸಿ ರೀಲನ್ನು ಮುದ್ದೆ ಮಾಡಿ ಬೆನ್ನ ಹಿಂದೆ ಹಿಡಿದ.

"ಭಾಳ ಮೆಹನತ್ ಮಾಡಿದಿ ನೋಡು! ಬೀಗರು ಖುಷ್ ಆಗ್ಯಾರ. ಬರೂ ಹುಣ್ಣಿವಿಗೆ ಬೀಗರನ್ನ, ಇಡೀ ಸಮಾಜಾನ್ನ ಊಟಕ್ಕ ಕರದ, ಎಲ್ಲಾರ ಮುಂದ ಆಲ್ಬಮ್ ಬಿಚ್ಚಾಂವ ಅದೀನಿ. ಈಗ ಮೈಕಿನ್ಯಾಗ ಹೇಳೇ ಬಂದೆ. ಫೋಟೊ ಎಲ್ಲಾ ಛಲೋ ಬಂದಾವಲ್ಲ?"

ಧರಣೇಂದ್ರ ರೀಲಿನ ಮುದ್ದೆಯನ್ನು ಹಿಂದಿನ ಕಿಸೆಗೆ ತುರುಕಿದ.

"ಛಲೋನ ಬಂದಿದ್ದೂರಿ ಸಾಹೇಬ್ರ," ಅಂದ. "ಆದ್ರ ಕಡೀಕ... ಬೆಳಕ ಸ್ವಲ್ಪ ಜಾಸ್ತಿ ಬಿತ್ತರಿ."