ಸರ್ವರಿನ ಮೆಮೊರಿಯೂ ನನ್ನ ಮುಂದಿನ ಬೆಂಚೂ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಂತಸ್ತು ಬೇಕು. ಪಕ್ಕದ ಎಸ್ಟೇಟಿನವರು ಹೊಸ ಜೀಪು ತಂದರೆಂದು ಉರಿದುಕೊಳ್ಳುವುದು, ಷಡ್ಡಕನ ಮೆಣಸಿಗೆ ಒಳ್ಳೆ ರೇಟು ಸಿಕ್ಕಿತೆಂದು ನಿದ್ದೆಗೆಡುವುದು, ಇವೆಲ್ಲ ಮರ್ಯಾದಸ್ಥರ ಹೊಟ್ಟೆಕಿಚ್ಚು. ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ನನ್ನದು ಹಾಗಲ್ಲ. ನಾನು ಉರಿದುಕೊಂಡದ್ದು ಒಂದು ಕಬ್ಬಿಣದ ಪೆಟ್ಟಿಗೆಯ ಮೇಲೆ, ಅಂದರೆ ನಮ್ಮ ಆಫೀಸಿನ ಸರ್ವರ್ ಕಂಪ್ಯೂಟರಿನ ಮೇಲೆ. ಆಮೇಲೆ ಆ ಉರಿ ಪಕ್ಕದ ಕೌಂಟರಿನ ಗಿರಿಜಾಳ ಮೇಲೆ ತಿರುಗಿತು. ಅದನ್ನೇ ಹೇಳಲು ಹೊರಟಿದ್ದೇನೆ.

ನಾನು ಕಳಸದ ಒಂದು ಬೆಳೆಗಾರರ ಸೊಸೈಟಿಯಲ್ಲಿ ಗೊಬ್ಬರದ ಬಿಲ್ಲು ಹಾಕುವ ಗುಮಾಸ್ತ. ಕೌಂಟರು ಎರಡೇ, ಒಂದು ನನ್ನದು, ಇನ್ನೊಂದು ಗಿರಿಜಾಳದ್ದು. ಮಳೆಗಾಲದಲ್ಲಿ ಎರಡು ದಿನ ಮಳೆ ಬಿಟ್ಟು ಹೊಳವಾಯಿತೆಂದರೆ ಸಾಕು, ತೋಟಕ್ಕೆ ಗೊಬ್ಬರ ಹಾಕುವ ಅವಸರದಲ್ಲಿ ಜನ ಮುಗಿಬೀಳುತ್ತಾರೆ. ಇಲ್ಲಿ ನೋಡಿದರೆ, ಬಿಲ್ಲಿಗೆ ಒತ್ತಿದ ಕೂಡಲೇ ಪರದೆಯ ಮೇಲೊಂದು ಚಕ್ರ ತಿರುಗಲು ತೊಡಗುತ್ತಿತ್ತು. ಅದು ನಿಲ್ಲುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು, ಲೋಟ ತೊಳೆದಿಟ್ಟು ಬರಬಹುದಿತ್ತು. ಎಲ್ಲರೂ ಸರ್ವರಿಗೆ ಶಾಪ ಹಾಕುತ್ತಿದ್ದರು, ನನ್ನೊಬ್ಬನನ್ನು ಬಿಟ್ಟು. ಚಕ್ರ ತಿರುಗುವಷ್ಟು ಹೊತ್ತೂ ನನ್ನ ಮುಂದಿನ ಬೆಂಚು ತುಂಬಿರುತ್ತಿತ್ತಲ್ಲ! ಕುದುರೆಮುಖದಲ್ಲಿ ಗಣಿ ಕಂಪನಿ ಇದ್ದಾಗ ನಮ್ಮ ಸೋದರಮಾವ ಅಲ್ಲಿ ಕ್ಯಾಂಟೀನು ನಡೆಸಿದ ಕಥೆಯನ್ನು ಕೇಳದ ಬೆಳೆಗಾರ ಈ ಸುತ್ತಿನಲ್ಲಿ ಉಳಿದಿಲ್ಲ. ಕೆಲವರು ಎರಡೆರಡು ಸಲ ಕೇಳಿದ್ದಾರೆ. "ಜಯಣ್ಣನ ಕೌಂಟರಲ್ಲಿ ಹೊತ್ತು ಹೋಗಿದ್ದೇ ಗೊತ್ತಾಗಲ್ಲ" ಎಂಬ ಮಾತು ಆಫೀಸಿನಲ್ಲಿ ಪ್ರಸಿದ್ಧ. ಅದನ್ನು ಹೆಚ್ಚಾಗಿ ಹೇಳುತ್ತಿದ್ದವನು ನಾನೇ.

ಆದರೂ ಆ ಪೆಟ್ಟಿಗೆಗೆ ಸಲ್ಲುತ್ತಿದ್ದ ಉಪಚಾರ ಕಂಡರೆ ಮೈ ಉರಿಯುತ್ತಿತ್ತು. ಅದಕ್ಕೊಂದು ಬೇರೆ ಕೋಣೆ, ಕೋಣೆಯ ತೇವ ಹೀರಲು ಒಂದು ಮಷಿನ್ನು. ನನ್ನ ಕುರ್ಚಿಗೆ ಬೂಸ್ಟು ಹಿಡಿದರೆ ಕೇಳುವವರಿಲ್ಲ! ಅದರ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗಬೇಕು. ಆಫೀಸಿನಲ್ಲಿ ಒಣಗಿದ ಜಾಗ ಅದೊಂದೇ ಆದ್ದರಿಂದ ನಾವೆಲ್ಲ ಚಪ್ಪಲಿ ಬಿಟ್ಟು, ಭಯಭಕ್ತಿಯಿಂದ ಒಳಗೆ ಹೋಗಿ, ಸರ್ವರಿನ ಹಿಂದಿನಿಂದ ಬರುವ ಬಿಸಿ ಗಾಳಿಗೆ ಟೋಪಿ, ಟವೆಲ್ಲು, ಕಾಲುಚೀಲ ಒಣಗಲು ಹಾಕಿ ಬರುತ್ತಿದ್ದೆವು. ಸೆಕ್ರೆಟರಿಯವರ ಟೋಪಿಗೆ ಮೊದಲ ಜಾಗ.

ಕೊನೆಗೆ ಸೆಕ್ರೆಟರಿಯವರು ಸರ್ವರಿನ ಮೆಮೊರಿ ಹೆಚ್ಚಿಸಲು ಚಿಕ್ಕಮಗಳೂರಿನಿಂದ ನಜೀರ್ ಎಂಬ ರಿಪೇರಿಯವನನ್ನು ಕರೆಸಿದರು. ಕೋಣೆಯ ಬಾಗಿಲು ತೆರೆದ ನಜೀರ್ ಅಲ್ಲೇ ನಿಂತ. "ಇದೇನ್ ಸಾರ್, ಸರ್ವರ್ ರೂಮಾ, ಬಟ್ಟೆ ಅಂಗಡೀನಾ? ಈ ಕಾಲುಚೀಲ ಯಾರ್ದು?" ಎಂದ. ಎಲ್ಲರೂ ಗಿರಿಜಾಳ ಕಡೆ ನೋಡಿದರು. ಗಿರಿಜಾ ನನ್ನ ಬರಿಗಾಲಿನ ಕಡೆ ನೋಡಿದಳು.

ನಜೀರ್ ಸರ್ವರನ್ನು ಆರಿಸಿ, ಮುಚ್ಚಳ ಬಿಚ್ಚಿ, ಹಳೆಯ ಮೆಮೊರಿ ಪಟ್ಟಿಗಳನ್ನು ಕಿತ್ತು, ಬಾಚಣಿಗೆಯಷ್ಟುದ್ದದ ಹಸಿರು ಪಟ್ಟಿಗಳನ್ನಿಟ್ಟು ಎರಡೂ ತುದಿಯಲ್ಲಿ ಒತ್ತಿದ. ಟಕ್ ಎಂದಿತು. "ಇಷ್ಟೇನಾ?" ಎಂದೆ. "ಇಷ್ಟೇ ಸಾರ್. ಮೆಮೊರಿ ಅಂದ್ರೆ ಕಾಫಿ ಒಣಗ್ಸೋ ಕಣ ಇದ್ದ ಹಾಗೆ. ಕಣ ಸಣ್ಣದಾದ್ರೆ ಒಂದಿಷ್ಟು ಕಾಫಿ ಒಣಗ್ಸಿ, ಎತ್ತಿ, ಮತ್ತೊಂದಿಷ್ಟು ಹರಡ್ಬೇಕು. ಈಗ ಕಣ ದೊಡ್ಡದಾಯ್ತು ನೋಡಿ, ಎಲ್ಲ ಒಟ್ಟಿಗೆ ಹರಡ್ಬಹುದು" ಎಂದ. ಇಣುಕಿ ನೋಡುತ್ತಿದ್ದ ಬೆಳೆಗಾರರೆಲ್ಲ ಭೇಷ್ ಭೇಷ್ ಎಂದು ತಲೆದೂಗಿದರು. ಸೆಕ್ರೆಟರಿಯವರು ಅವನಿಗೆ ಬಿಸಿ ಬನ್ಸ್ ತರಿಸಿದರು. ಇಷ್ಟು ವರ್ಷ ಜನರನ್ನು ಬೇಸರವಾಗದಂತೆ ಕೂರಿಸಿಕೊಂಡ ನನಗೆ ಒಂದು ಬನ್ಸ್ ತರಿಸಿದವರಿಲ್ಲ.

ಸರ್ವರ್ ಮತ್ತೆ ಶುರುವಾದ ಮೇಲೆ ನನ್ನ ಬೆಂಚಿಗೆ ಮೊದಲು ಬಂದವರು ಸಂಸೆಯ ಸಂಜೀವಣ್ಣ. ಕೂತವರೇ, "ಮೊನ್ನೆ ಒಂದು ಕಥೆ ಆಯ್ತು ಜಯಣ್ಣ. ಕಾಡುಕೋಣ ಬಂದು ನಮ್ಮ ಬಚ್ಚಲ ಬಾಗ್ಲಿಗೆ ಅಡ್ಡ ನಿಂತಿದೆ. ಒಳಗೆ ನಮ್ಮತ್ತೆ ಸ್ನಾನ ಮಾಡ್ತಿದ್ದಾರೆ!" ಎಂದರು. ಕಾಡುಕೋಣ ಎಂದೊಡನೆ ನನಗೆ ಮಾವನ ಕ್ಯಾಂಟೀನಿನ ಹಿಂದೆ ಬಂದಿದ್ದ ಕಾಡುಕೋಣ ನೆನಪಾಯಿತು. "ತಡೀರಿ ಸಂಜೀವಣ್ಣ, ಅದಕ್ಕಿಂತ ದೊಡ್ಡದೊಂದು ಹೇಳ್ತೀನಿ" ಎಂದು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಪ್ರಿಂಟರು ಕಿರ್ರೆಂದು ಬಿಲ್ಲು ಹೊರಹಾಕಿತು. ಚಕ್ರ ಒಂದು ಸುತ್ತೂ ತಿರುಗಿರಲಿಲ್ಲ! ಸಂಜೀವಣ್ಣ ಬಿಲ್ಲು ಹರಿದುಕೊಂಡು ಎದ್ದೇಬಿಟ್ಟರು. "ಬರ್ತೀನಿ ಮಾರಾಯ್ರೆ, ಸಂಸೆ ಜೀಪ್ ಹೊರಡತ್ತೆ."

ಸ್ವಲ್ಪ ಹೊತ್ತಿಗೆ ತಲೆಯೆತ್ತಿ ನೋಡುತ್ತೇನೆ, ಸಂಜೀವಣ್ಣ ಗಿರಿಜಾಳ ಬೆಂಚಿನಲ್ಲಿ ಕಾಲು ಚಾಚಿ ಕೂತಿದ್ದಾರೆ! "ಜೀಪು?" ಎಂದೆ. "ಅದಿನ್ನೂ ಜನ ತುಂಬ್ಬೇಕು ಮಾರಾಯ್ರೆ" ಎಂದರು, ನನ್ನ ಕಡೆ ತಿರುಗದೆ. ಗಿರಿಜಾ ಕೀಬೋರ್ಡು ಬದಿಗೆ ಸರಿಸಿ, ಗಲ್ಲಕ್ಕೆ ಕೈಕೊಟ್ಟು, "ಆಮೇಲೆ?" ಎಂದಳು. ಅಷ್ಟೇ. ಮತ್ತೆ ಸ್ವಲ್ಪ ಹೊತ್ತಿಗೆ ಇನ್ನೊಂದು "ಆಮೇಲೆ?" ಅತ್ತೆ ಒಳಗಿನಿಂದಲೇ "ಯಾರದು, ಹೆಂಗಸರು ಸ್ನಾನ ಮಾಡೋ ಜಾಗ ಅಂತ ಗೊತ್ತಾಗಲ್ವಾ?" ಎಂದು ಬೈದರಂತೆ, ಕಾಡುಕೋಣ ತಲೆ ತಗ್ಗಿಸಿಕೊಂಡು ಹೋಯಿತಂತೆ. ಸಾಲಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ಬಂತು, ನುಂಗಿಕೊಂಡೆ.

ಅಂದಿನಿಂದ ಅದೇ ಹಾಡು. ಜನ ನನ್ನ ಹತ್ತಿರ ಬಿಲ್ಲು ಹಾಕಿಸಿಕೊಂಡು ಗಿರಿಜಾಳ ಬೆಂಚಿಗೆ ಹೋಗಿ ಕೂರುತ್ತಾರೆ. ಹೊಟ್ಟೆಯಲ್ಲಿ ಕೆಂಡ ಬಿದ್ದ ಹಾಗಾಗಿ ಸೆಕ್ರೆಟರಿಯವರ ಹತ್ತಿರ ಹೋದೆ. "ಸಾರ್, ಹಳೇ ಮೆಮೊರೀನೇ ವಾಪಸ್ ಹಾಕಿಸಿದ್ರೆ ಹೇಗೆ?" "ಯಾಕೆ ಜಯಣ್ಣ, ಬಿಲ್ಲು ಬೇಗ ಆಗ್ತಿಲ್ವಾ?" "ಆಗ್ತಿದೆ ಸಾರ್. ಅದೇ ತೊಂದ್ರೆ." ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಾಲ್ಕು ದಿನ ರಜೆ ಹಾಕಿ ಎಂದರು.

ರಜೆಯಲ್ಲಿ ಮನೆಯಲ್ಲಿದ್ದಾಗ ಒಂದು ಮಧ್ಯಾಹ್ನ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಇದನ್ನೆಲ್ಲ ಮೊದಲಿನಿಂದ ಹೇಳಲು ಶುರುಮಾಡಿದೆ. ಗಿರಿಜಾಳಿಗೆ ಮಾತಾಡಲು ಬರುವುದಿಲ್ಲ, ಆದರೂ ಜನ ಅಲ್ಲೇ ಯಾಕೆ ಹೋಗುತ್ತಾರೆ ಎಂಬುದು ನನ್ನ ಪ್ರಶ್ನೆಯಾಗಿತ್ತು. ಅಲ್ಲಿಗೆ ಬರುವ ಮೊದಲು ಮಾವನ ಕ್ಯಾಂಟೀನಿನ ವಿಷಯ ಸ್ವಲ್ಪ ವಿವರಿಸಬೇಕಾಯಿತು. "ಒಂದ್ನಿಮಿಷ, ಕುಕ್ಕರ್ ಕೂಗ್ತು" ಎಂದು ಅವಳು ಎದ್ದು ಒಳಗೆ ಹೋದಳು. ನಾನು ಕಾಯುತ್ತಾ ಕೂತೆ. ಬಹಳ ಹೊತ್ತಿನ ಮೇಲೆ ನೆನಪಾಯಿತು, ನಮ್ಮಿಬ್ಬರದೂ ಊಟವಾಗಿ, ಕುಕ್ಕರನ್ನು ನಾನೇ ತೊಳೆದು ಬೋರಲು ಹಾಕಿದ್ದೆ.