ಹೆಗಲಿಳಿಸಿದ ಮೇಲೆ ಹಾಲು

ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ತಂಬೂರು ಹಳ್ಳಿಯಲ್ಲಿ ಯಾರೂ ಇಲ್ಲ. ಶಾಲೆಗೆ ಕೀಲಿ ಹಾಕಿ ಮನೆಗೆ ಬಂದವನು, ಹಾಕಿದೆನೋ ಇಲ್ಲವೋ ಎಂದು ಮತ್ತೆ ಎರಡು ಸಲ ಹೋಗಿ ಜಗ್ಗಿ ನೋಡುವ ಮಾಸ್ತರ ನಾನು. ಹೀಗಿರುವಾಗ ಹೆಂಡತಿ ನೀಲವ್ವ ಹಿತ್ತಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಆರು ವಾರ ಪ್ಲಾಸ್ಟರ್. ಎಮ್ಮೆ ಕರೆವ್ವನನ್ನು ಹಿಂಡುವ ಕೆಲಸ ನನ್ನ ಪಾಲಿಗೆ ಬಂತು.

ಕರೆವ್ವ ಹಾಲು ಬಿಡುವುದು ನೀಲವ್ವನೊಬ್ಬಳಿಗೇ. ವಾಸನೆಗೆ ಮೋಸಹೋದೀತೆಂದು ನಮ್ಮ ಕಡೆ ಮಾಡುವಂತೆ, ಅವಳ ಹಳೆಯ ಇಳಕಲ್ ಸೀರೆ ಹೊದ್ದು ಕುಳಿತೆ. ಅದು ಸೀರೆಯನ್ನು ಮೂಸಿತು, ನನ್ನ ಮೀಸೆಯನ್ನು ನೋಡಿತು, ಹಾಲು ಬಿಡಲಿಲ್ಲ. ಕರು ಕುಡಿದು ಮಿಕ್ಕಿದ್ದು ಒಳಗೇ ನಿಂತು ಎರಡು ದಿನದಲ್ಲಿ ಕೆಚ್ಚಲು ಬಿಗಿಯಿತು. ಹೀಗೇ ಬಿಟ್ಟರೆ ಬಾವು ಬಂದು ಎಮ್ಮೆ ಬತ್ತುತ್ತದೆ ಎಂದು ದನದ ಡಾಕ್ಟರು ಹೇಳಿಹೋದರು. ನನಗೆ ಅಷ್ಟು ಸಾಕಾಯಿತು. ಬತ್ತಿದರೆ? ಒದ್ದರೆ? ಚಿಂತೆಯನ್ನು ಓಡಿಸಲು ಗಟ್ಟಿಯಾಗಿ ಶಿವನಾಮ ಶುರುಮಾಡಿದೆ. ಕರೆವ್ವ ಮೇವು ತಿನ್ನುವುದನ್ನೂ ನಿಲ್ಲಿಸಿತು.

ಮೂರನೆಯ ದಿನ ಬೆಳಿಗ್ಗೆ ನೀಲವ್ವ ಬಂದು ಕೊಟ್ಟಿಗೆಯ ಹೊಸ್ತಿಲ ಮೇಲೆ ಕುಳಿತಳು.

"ಶಿವನ್ನ ಯಾಕ ಅಂಜಸ್ತೀರಿ? ಮೊದ್ಲ ಹೆಗಲ ಇಳಸ್ರಿ. ಹಲ್ಲ ಕಚ್ಚಬ್ಯಾಡ್ರಿ. ಉಸರ ಬಿಡ್ರಿ."

"ಚಿಂತಿ ಬರಾಕತ್ತಾವು," ಎಂದೆ.

"ಬರ್ಲಿ. ಓಡಸಬ್ಯಾಡ್ರಿ. ಬಂತು ಅಂತ ನೋಡ್ರಿ, ಕೈ ಹಗರ ಇಡ್ರಿ."

ಮೂವತ್ತು ವರ್ಷ ದಿನಕ್ಕೆರಡು ಸಲ ಇದೇ ಜಾಗದಲ್ಲಿ ಅಲುಗದೆ ಕುಳಿತವಳು. ಇವಳಿಗೆ ಚಿಂತೆಯೇ ಇಲ್ಲವೆಂದು ನಾನು ತಿಳಿದಿದ್ದೆ. "ನಿನಗೂ ಬರ್ತಾವೇನು?" ಎಂದು ಕೇಳಿದೆ.

"ದಿನಾ ಬರ್ತಾವ್ರಿ. ನೀವ ಇದ್ದೀರಲ್ಲ."

ಇಷ್ಟು ದೊಡ್ಡ ವಿದ್ಯೆ ಬಲ್ಲವಳನ್ನು ಮನೆಯಲ್ಲಿಟ್ಟುಕೊಂಡು ನಾನು ಅವಳಿಗೆ ಪೇಪರ್ ಓದಿ ಬುದ್ಧಿ ಹೇಳುತ್ತಿದ್ದೆ. ಮನಸ್ಸಿನಲ್ಲೇ ಕೈಮುಗಿದು, ಹೇಳಿದಂತೆ ಮಾಡಿದೆ. ಶಾಲೆಯ ಕೀಲಿಯ ಚಿಂತೆ ಬಂತು, ನೋಡಿದೆ. ಎಮ್ಮೆ ಒದ್ದೀತೆಂಬ ಚಿಂತೆ ಬಂತು, ಅದನ್ನೂ ನೋಡಿದೆ. ಅವೆಲ್ಲದರ ಹಿಂದೆ ಇಷ್ಟು ದಿನ ಮುಖ ತೋರಿಸದ ಒಂದು ನಿಂತಿತ್ತು: ಇವಳ ಕೈ ಮೊದಲಿನಂತಾಗದಿದ್ದರೆ? ಅದನ್ನೂ ಓಡಿಸಲಿಲ್ಲ. ಸ್ವಲ್ಪ ಹೊತ್ತಿಗೆ ಹೆಗಲು ತಾನಾಗಿಯೇ ಇಳಿಯಿತು, ತಂಬಿಗೆಯಲ್ಲಿ ಹಾಲಿನ ಸದ್ದು ಕೇಳಿತು.

"ನಿನ್ನ ಕೈದ ಚಿಂತಿ ಐತಿ ನನಗ," ಎಂದೆ. ಅಂಥ ಮಾತು ಆಡಿ ರೂಢಿಯಿಲ್ಲದ್ದರಿಂದ ಎಮ್ಮೆಯ ಹೊಟ್ಟೆಗೆ ಮುಖ ಮಾಡಿಕೊಂಡೇ ಹೇಳಿದೆ.

"ಗೊತ್ತೈತ್ರಿ. ಎಮ್ಮಿಗೂ ಗೊತ್ತಿತ್ತು. ಹಿಂಡ್ರಿ ಈಗ," ಎಂದಳು.

ಗೊತ್ತಿರದಿದ್ದವನು ಮಾಸ್ತರನೊಬ್ಬನೇ.