ಮಂಗಲವಾಗದ ಎಮ್ಮೆಯ ಕಥೆ

ಗೋಕಾಕದಲ್ಲಿ ನಾನು ಕಲಿಸುವ ಶಾಲೆಯಲ್ಲಿ ಯಾವ ಕೆಲಸ ಕೈಗೆತ್ತಿಕೊಂಡರೂ ಅದು ಅಡ್ಡದಾರಿ ಹಿಡಿದೇ ತೀರುತ್ತದೆ. ಈ ಸಲ ಬೇಸಿಗೆ ರಜೆಗೆ ಎಲ್ಲ ಮಕ್ಕಳ ಮನೆಗಳಿಗೂ ಒಂದೇ ಪುಸ್ತಕ ಕೊಟ್ಟೆ. ಕಳೆದುಹೋದ ಎಮ್ಮೆಯನ್ನು ಹುಡುಕಿಕೊಂಡು ಹೊರಟ ಹುಡುಗಿಯ ಕಥೆ. ಮನೆಮಂದಿಯೆಲ್ಲ ಕೂತು ಓದಬೇಕು ಅಂತ ಹೇಳಿದ್ದೆ. ಶಾಲಾ ಕಮಿಟಿಯ ಚೇರಮನ್ನರಿಗೆ ಇದು ಹಿಡಿಸಲಿಲ್ಲ.

"ಅಕ್ಕೋರ, ಸಾಲಿ ಸುರು ಆದ ದಿನ ಪಾಲಕರನ್ನ ನಾನ ಕೇಳ್ತೇನಿ. ಕಥಿ ಪೂರಾ ಹೇಳಿದ್ರ ಸರಿ. ಇಲ್ಲಾಂದ್ರ ನಿಮ್ಮ ಗ್ರಂಥಾಲಯದ ಕೋಣಿಯೊಳಗ ಮುರಕ ಬೆಂಚ ಇಡಸಿ ಕೀಲಿ ಹಾಕ್ತೇನಿ."

ಆ ಕೋಣೆಯೆಂದರೆ ನನಗೆ ಜೀವ. ಅಂದಿನಿಂದ ಕೂತಲ್ಲಿ ಕೂರಲಾಗಲಿಲ್ಲ.

೧. ಜಗಲಿಯ ಮೇಲೆ

ತಡೆಯಲಾರದೆ ಉರಿಬಿಸಿಲಲ್ಲಿ ಮಮದಾಪುರದ ಬಸ್ಸು ಹತ್ತಿದೆ. ನನ್ನ ವಿದ್ಯಾರ್ಥಿನಿಯೊಬ್ಬಳ ಮನೆ. ಅವಳ ಅಜ್ಜಿಯನ್ನು ಊರೆಲ್ಲ ಆಯಿ ಅನ್ನುತ್ತದೆ. ಪುಸ್ತಕ ದೇವರ ಜಗಲಿಯ ಮೇಲೆ ವಿಭೂತಿ ಹಚ್ಚಿಸಿಕೊಂಡು ಕೂತಿತ್ತು.

"ಓದೇ ಇಲ್ಲೇನ್ರಿ ಆಯಿ?"

"ಓದಲಾರದ ಏನ? ದಿನಾ ಸಂಜೀಕ ಸೊಸಿ ಓದತಾಳ, ಓಣಿ ಮಂದಿ ಕೇಳತೈತಿ. ಕಡೀ ಅಧ್ಯಾಯ ಅಷ್ಟ ಉಳದೈತಿ."

"ಅದನ್ನೂ ಓದಿಬಿಡ್ರಲಾ."

"ಮಂಗಲ ಮಾಡದ ಪುರಾಣ ಮುಗಸ್ತಾರೇನ ನಮ್ಮವ್ವ? ಹುಕ್ಕೇರಿಯಿಂದ ಮಗಳ ಬರಲಿ. ಹತ್ತ ಮಂದಿಗೆ ಹುಗ್ಗಿ ಮಾಡಿ, ಆಮ್ಯಾಲ ಕಡೀ ಅಧ್ಯಾಯ."

ಶ್ರಾವಣದಲ್ಲಿ ಮಠದ ಪುರಾಣ ಹಾಗೇ ಮಂಗಲದ ಊಟದೊಂದಿಗೆ ಮುಗಿಯುವುದು, ಖರೆ. ಆದರೆ ಇದು ಪುರಾಣವಲ್ಲವಲ್ಲ!

"ಆಯಿ, ಇದು ಎಮ್ಮಿ ಕಥಿರಿ."

"ಯಾಕ, ಎಮ್ಮಿ ಏನ ಪಾಪ ಮಾಡೇತಿ?"

೨. ಒಂದೇ ಸಾಲು

ಆಯಿಯ ಮಾತನ್ನು ಸೊಸೆ ಪಾಲಕರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಳು. ಎಲ್ಲರೂ ಕೊನೆಯ ಅಧ್ಯಾಯಕ್ಕೆ ಬಂದು ಓದು ನಿಲ್ಲಿಸಿದರು. ಮೂಡಲಗಿಯ ಪಾಲಕರೊಬ್ಬರಿಗೆ ಮಾತ್ರ ತಡೆಯಲಾಗಲಿಲ್ಲ. ನನಗೆ ಫೋನು ಬಂತು.

"ಅಕ್ಕೋರ, ಕಡೀ ಅಧ್ಯಾಯ ತಗದ ಒಂದ ಸಾಲ ಓದೀನ್ರಿ. ಅಷ್ಟರಾಗ ನಮ್ಮ ಎಮ್ಮಿ ಹಗ್ಗ ಹರಕೊಂಡ ಹೋತ್ರಿ!"

"ಅದಕ್ಕೂ ಇದಕ್ಕೂ ಏನ್ ಸಂಬಂಧರಿ? ಮುಂದ ಓದ್ರಿ."

"ಏ, ಇನ್ನ ಮುಟ್ಟಂಗಿಲ್ರಿ. ಕಥ್ಯಾಗಿನ ಎಮ್ಮಿ ಎಲ್ಲಿ ಸಿಗತೈತಿ, ನೀವ ಹೇಳ್ರಿ. ನಾವೂ ಅಲ್ಲೇ ಹೋಗಿ ನೋಡ್ತೇವಿ."

ಎಮ್ಮೆ ಸಂಜೆಗೆ ಪಕ್ಕದವರ ಕಬ್ಬಿನಲ್ಲಿ ಸಿಕ್ಕಿತು. ಸುದ್ದಿ ಮಾತ್ರ ಗುಂಪೆಲ್ಲ ಸುತ್ತಿತು. ಆಮೇಲೆ ಎಮ್ಮೆ ಇಲ್ಲದ ಮನೆಯವರೂ ಪುಸ್ತಕ ಮುಟ್ಟಲಿಲ್ಲ.

೩. ಹುಗ್ಗಿ

ಹುಕ್ಕೇರಿಯ ಮಗಳು ರಜೆ ಮುಗಿದರೂ ಬರಲಿಲ್ಲ. ಶಾಲೆ ಶುರುವಾದ ದಿನ ಪಾಲಕರೆಲ್ಲ ಸೇರಿದ್ದರು, ಆಯಿಯೂ ಬಂದಿದ್ದಳು. ಚೇರಮನ್ನರು ಬೀಗ ಹಿಡಿದುಕೊಂಡೇ ಬಂದರು.

"ಹೇಳ್ರಿ, ಎಮ್ಮಿ ಸಿಕ್ಕತೋ ಇಲ್ಲೋ?"

ಕೊನೆಯ ಅಧ್ಯಾಯ ಓದಿದವರಾದರೂ ಯಾರು? ನನಗೆ ಅಳು ಬರುವುದೊಂದು ಬಾಕಿ. ಆಗ ಆಯಿ ಎದ್ದು ನಿಂತು ಮೊದಲಿನಿಂದ ಕಥೆ ಹೇಳತೊಡಗಿದಳು. ಹುಡುಗಿ ಊರೂರು ಅಲೆದದ್ದು, ಹೊಳೆಯ ದಂಡೆಗೆ ಬಂದದ್ದು, ಕತ್ತಲಲ್ಲಿ ಗಂಟೆಯ ಸಪ್ಪಳ ಕೇಳಿಸಿದ್ದು. ಅಷ್ಟು ಹೇಳಿ ಸೆರಗು ಸರಿಮಾಡಿಕೊಂಡು ಕೂತುಬಿಟ್ಟಳು.

ಚೇರಮನ್ನರು ಕುರ್ಚಿಯ ತುದಿಗೆ ಬಂದಿದ್ದರು. "ಮುಂದ?"

"ಮುಂದ ಹುಗ್ಗಿರಿ."

ಬಿಸಿಯೂಟದ ಒಲೆ ಹೊತ್ತಿಸಲಾಯಿತು. ಚೇರಮನ್ನರೇ ಮನೆಗೆ ಫೋನು ಮಾಡಿ ಗೋಧಿ, ಬೆಲ್ಲ ತರಿಸಿದರು. ಬೀಗ, ಕೀಲಿಕೈ ಎರಡನ್ನೂ ಕುರ್ಚಿಯ ಮೇಲಿಟ್ಟು ಅಂಗಳದ ತುಂಬ ತಿರುಗಾಡಿದರು. "ಬೆಂತೇನ? ಇನ್ನೂ ಎಷ್ಟೊತ್ತ?" ಗೋಧಿ ಬೇಯಬೇಕಲ್ಲ! ಸ್ವಲ್ಪ ಹೊತ್ತಿಗೆ ಮನುಷ್ಯ ಕಾಣಿಸಲಿಲ್ಲ.

ಆಯಿ ಗ್ರಂಥಾಲಯದ ಕೋಣೆಗೆ ಇಣುಕಿ ನೋಡಿದಳು. ಒಳಗೆ ಚೇರಮನ್ನರು ಹುಗ್ಗಿಗೂ ಕಾಯದೆ ಮೂಲೆಯಲ್ಲಿ ಕೂತು ಕೊನೆಯ ಅಧ್ಯಾಯ ಓದುತ್ತಿದ್ದರು. ಆಯಿ ಸದ್ದಿಲ್ಲದೆ ಬಂದು ಅವರದೇ ಬೀಗ ಒಯ್ದು ಹೊರಗಿನಿಂದ ಜಡಿದಳು.

"ಆಯಿ, ತಗೀರಿ, ಅವರು ಚೇರಮನ್ನರು!" ಅಂತ ನಾನು ಕೈಮುಗಿದೆ. ಎಷ್ಟೋ ಹೊತ್ತಿನ ಮೇಲೆ ಅವಳು ಮನಸ್ಸು ಕರಗಿ ಕೀಲಿಕೈ ಕೊಟ್ಟಳು. ನಾನು ಓಡಿಹೋಗಿ ಬೀಗಕ್ಕೆ ಕೈ ಹಾಕಿದೆ.

ಒಳಗಿನಿಂದ ಚೇರಮನ್ನರು ಚೀರಿದರು: "ಏ ಅಕ್ಕೋರ, ಈಗ ತಗೀಬ್ಯಾಡ್ರಿ! ಇನ್ನೂ ಎರಡ ಹಾಳಿ ಐತಿ!"